ಹಗ್ಗ ಹಿಡಿದ ಬೀಗರು

"ಬಿಡಬ್ಯಾಡಿ ಮಾವ, ಬಿಡಬ್ಯಾಡಿ! ಕಚ್ಕೊಂಡೈತೆ!"

ಬಿಡುವ ಮಾತೆಲ್ಲಿ ಬಂತು? ಸೆಲ್ವರಾಜನ ಬೆರಳುಗಳು ಬಿದಿರು ಗಳುವನ್ನು ಹಿಡಿದು ಸೆಟೆದುಹೋಗಿದ್ದವು. ಬಿಡು ಎಂದು ಅವನೇ ಹೇಳಿದರೂ ಅವು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗಳುವಿನ ತುದಿ ಬಾಗಿ ನೀರು ಮುಟ್ಟಿತ್ತು. ಕೆಳಗೆ ಯಾರೋ ಕೂತು ದಾರವನ್ನು ತಮ್ಮ ಕಡೆಗೆ ಜಗ್ಗುತ್ತಿದ್ದಂತಿತ್ತು. ಅರವತ್ಮೂರು ವರ್ಷದಲ್ಲಿ ಅವನು ಕಂಡ ಮೀನುಗಳೆಲ್ಲ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದವು. ಜೀವವಿರುವ ಮೀನಿಗೆ ಇಷ್ಟು ಬಲವಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹಿಂದಕ್ಕೆ ಬಾ ಅಪ್ಪಾ, ಹಿಂದಕ್ಕೆ!" ಕೆರೆ ಏರಿಯ ಮೇಲೆ ಹೊಂಗೆ ಮರದ ನೆರಳಿನಲ್ಲಿ ಕೂತು ಮಾವಿನಕಾಯಿ ಹೆಚ್ಚುತ್ತಿದ್ದ ಮಗಳು ಮೀನಾ ನಗುತ್ತಾ ಕೂಗಿದಳು. "ಮೀನೇ ನಿನ್ನ ಹಿಡ್ಕೊಂಡು ಹೋಗ್ತದೆ ನೋಡು!"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸೆಲ್ವರಾಜನಿಗೆ ನೀರೆಂದರೆ ಮೊದಲಿನಿಂದಲೂ ಭಯ. ಊರಿಗಾಂನ ಲೈನ್‌ಮನೆಯಲ್ಲಿ ಹುಟ್ಟಿದವನಿಗೆ ಕೆರೆ ಎಲ್ಲಿ, ಈಜು ಎಲ್ಲಿ? ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಬುಡದಲ್ಲಿ ಮಳೆಗಾಲಕ್ಕೆ ನಿಲ್ಲುತ್ತಿದ್ದ ನೀರಿಗೆ ಕಾಲಿಟ್ಟರೆ ಅವನ ತಾಯಿ ಸೌದೆ ತುಂಡು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ದೊಡ್ಡವನಾದ ಮೇಲೆ ಚಿನ್ನದ ಗಣಿಗೆ ಸೇರಿ, ಹನ್ನೊಂದು ವರ್ಷ ವೈಂಡಿಂಗ್ ಇಂಜಿನ್ ಓಡಿಸಿದ. ಶಾಫ್ಟಿನಲ್ಲಿ ಆಳುಗಳು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಪಾತಾಳಕ್ಕೆ ಇಳಿಸುವುದು, ಮತ್ತೆ ಮೇಲೆ ಎತ್ತುವುದು. ಆ ಕೆಲಸದಲ್ಲಿ ಒಂದು ದಿನವೂ ಅವನ ಎದೆ ನಡುಗಿರಲಿಲ್ಲ. ಗಣಿ ಮುಚ್ಚಿ, ಪಂಪು ನಿಂತು, ಆ ಶಾಫ್ಟಿಗೂ ನೀರು ತುಂಬಿಕೊಂಡಿತಂತೆ ಎಂದು ಯಾರೋ ಹೇಳಿದ ದಿನ ಮಾತ್ರ ಅವನಿಗೆ ಊಟ ಸೇರಲಿಲ್ಲ.

ಇಂಥವನು ಕೆರೆಗೆ ಬಂದಿದ್ದಾದರೂ ಯಾಕೆ? ಅಳಿಯ ಕರೆದಿದ್ದಕ್ಕೆ. ಅಳಿಯ ಮುನಿರಾಜ ಬೂದಿಕೋಟೆ ಪಕ್ಕದ ಹಳ್ಳಿಯವನು, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನೆಯವನು. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಅವನಿಗೂ ಮೀನಾಳಿಗೂ ಪರಿಚಯವಾಗಿ, ಎರಡು ವರ್ಷದ ಹಿಂದೆ ಇಬ್ಬರೂ ತಾವೇ ಮದುವೆ ಮಾಡಿಕೊಂಡಿದ್ದರು. ಮೈನ್ಸ್ ಕಡೆಯ ತಮಿಳರ ಹುಡುಗಿ ಎಂದು ಮುನಿರಾಜನ ತಾಯಿ ಕನಕಮ್ಮ ಎಂಟು ತಿಂಗಳು ಸೊಸೆಯನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಆಮೇಲೆ ಬಿಟ್ಟುಕೊಂಡಳು, ಆದರೆ ಬೀಗರನ್ನು ಮಾತ್ರ ಕರೆದಿರಲಿಲ್ಲ. ಈ ಬೇಸಿಗೆಯಲ್ಲಿ, ಮೊದಲ ಸಲ, ಬಂದು ಒಂದು ವಾರ ಇದ್ದು ಹೋಗಿ ಎಂದು ಆ ಮನೆಯಿಂದ ಫೋನು ಬಂದಿತ್ತು. ಕೋಳಿಗಳಿಗೆ ನೀರಿಡುವವರಿಲ್ಲವೆಂದು ಸೆಲ್ವರಾಜನ ಹೆಂಡತಿ ಊರಿಗಾಂನಲ್ಲೇ ಉಳಿದಳು. "ನೀನು ಹೋಗು. ಅಲ್ಲಿ ಬಾಯಿ ಮುಚ್ಚಿಕೊಂಡು ಇದ್ದು ಬಾ. ನಿನ್ನಿಂದ ಒಂದು ಮಾತು ಬಂದರೆ ಅದು ಮಗಳ ತಲೆ ಮೇಲೆ ಬೀಳುತ್ತದೆ," ಎಂದು ಬಸ್ ಸ್ಟ್ಯಾಂಡಿನವರೆಗೂ ಹೇಳಿಕೊಂಡು ಬಂದಿದ್ದಳು. ಅದಕ್ಕೇ ನಾಲ್ಕು ದಿನದಿಂದ ಸೆಲ್ವರಾಜ್ ಆ ಮನೆಯಲ್ಲಿ ಜೋರಾಗಿ ಕೆಮ್ಮಿರಲೂ ಇಲ್ಲ.

ಮೀನು ನೀರು ಸೀಳಿಕೊಂಡು ಮೇಲೆ ಹಾರಿತು. ಕಪ್ಪು ಮೈ, ಹಾವಿನ ತಲೆ. ಸೆಲ್ವರಾಜನ ಜೀವ ಬಾಯಿಗೆ ಬಂತು.

"ಅಯ್ಯೋ ಮುರುಗಾ! ಹಾವಾ ಇದು?"

"ಕೊರಮೀನು ಮಾವ, ಕೊರಮೀನು!" ಮುನಿರಾಜ ದಡದಲ್ಲಿ ಕುಣಿದಾಡಿಬಿಟ್ಟ. "ಒಂದೂವರೆ ಮೊಳ ಐತೆ! ನಮ್ಮೂರ್ನಾಗೆ ಇಂಥದ್ದು ಯಾರ್ ಗಾಳಕ್ಕೂ ಬಿದ್ದಿಲ್ಲ. ನಾನು ಹುಟ್ದಾಗಿಂದ ಗಾಳ ಆಕ್ತಾ ಇದೀನಿ, ನಂಗೆ ಜಿಲೇಬಿ ಮೀನು ಬಿಟ್ರೆ ಬ್ಯಾರೆ ಕಂಡಿಲ್ಲ. ನಿಮ್ಗೆ ಮೊದ್ಲನೇ ದಿನಾನೇ!"

ಕೊರಮೀನಿಗೆ ಈ ಹೊಗಳಿಕೆ ಬೇಕಾಗಿರಲಿಲ್ಲ. ಅದು ಒಂದೇ ಏಟಿಗೆ ತೂಬಿನ ಕಡೆ ನುಗ್ಗಿತು. ಬೇಸಿಗೆಗೆ ಕೆರೆಯೆಲ್ಲ ಬತ್ತಿ, ಉಳಿದ ನೀರು ತೂಬಿನ ಸುತ್ತ ಸೇರಿಕೊಂಡಿತ್ತು. ಏರಿಯ ಬುಡದಲ್ಲಿ ಗದ್ದೆಗೆ ನೀರು ಬಿಡಲು ಹಿಂದಿನವರು ಕಟ್ಟಿದ ಕಲ್ಲಿನ ಕಂಡಿ ಅದು. ಅದರ ಮುಂದೆ ಎರಡು ಕಲ್ಲುಕಂಬ, ಕಂಬಗಳ ನಡುವೆ ಎರಡಾಳು ಆಳದ ಗುಂಡಿ, ಗುಂಡಿಯ ತುಂಬ ಏರಿಯಿಂದ ಜಾರಿ ಬಿದ್ದ ಚಪ್ಪಡಿಗಳು. ಮೀನು ಆ ಚಪ್ಪಡಿಗಳ ಸಂದಿಗೆ ಹೊಕ್ಕಿತು. ದಾರ ಬಿಗಿಯಾಗಿ ನಿಂತುಬಿಟ್ಟಿತು. ಎಳೆದರೆ ಬರಲಿಲ್ಲ, ಬಿಟ್ಟರೆ ಹೋಗಲಿಲ್ಲ.

ಸೆಲ್ವರಾಜನಿಗೆ ಒಳಗೊಳಗೇ ಸಮಾಧಾನವಾಯಿತು. "ಹೋಗ್ಲಿ ಬಿಡು ಮಾಪ್ಳೆ. ದಾರ ಕುಯ್ದುಬಿಡು. ಪಾಪ, ಬದುಕ್ಕೊಳ್ಲಿ."

"ಏನ್ ಮಾವ ನೀವು! ಬೀಗ್ರು ಮೊದ್ಲನೇ ಮೀನು ಕಳ್ಕೊಂಡ್ರು ಅಂತ ನಮ್ಮಪ್ಪ ವರ್ಷವೆಲ್ಲಾ ಆಡ್ಕೊಂತಾನೆ. ಅದೇ ತಗೊಂಡೋದ್ರೆ, ಅಮ್ಮ ಊರಿಗೆಲ್ಲ ಸಾರು ಹಂಚ್ತಾಳೆ." ಮುನಿರಾಜ ಆಗಲೇ ಅಂಗಿ ಬಿಚ್ಚುತ್ತಿದ್ದ. "ಒಂದು ಮುಳುಗು ಆಕಿ ದಾರ ಬಿಡಿಸ್ಕೊಂಡು ಬತ್ತೀನಿ."

"ವೇಂಡಾ ಮಾಪ್ಳೆ, ಬೇಡ."

"ಇಲ್ಲೇ ಈಜು ಕಲ್ತಿದ್ದು ಮಾವ ನಾನು."

ಏರಿಯ ಮೇಲೆ ನಿಂತಿದ್ದ ಬೈಕಿನಿಂದ ಅವನು ಹಸು ಕಟ್ಟುವ ಉದ್ದ ಹಗ್ಗ ತಂದ. ತೂಬಿನ ಗುಂಡಿಗೆ ಇಳಿಯುವವರು ಸೊಂಟಕ್ಕೆ ಹಗ್ಗ ಕಟ್ಟದೆ ಇಳಿಯಬಾರದು, ದಡದಲ್ಲಿ ಒಬ್ಬ ಹಿಡಿದಿರಬೇಕು. ಇದು ಆ ಊರಿನ ಕಟ್ಟಳೆ. ಯಾವ ಕಾಲದಲ್ಲಿ ಯಾರು ಸತ್ತ ಮೇಲೆ ಬಂದ ಕಟ್ಟಳೆಯೋ, ಯಾರಿಗೂ ನೆನಪಿಲ್ಲ, ಆದರೆ ಯಾರೂ ಮೀರುವುದಿಲ್ಲ. ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡು, ಇನ್ನೊಂದನ್ನು ಮಾವನ ಕೈಗೆ ಕೊಟ್ಟ.

"ನಾನು ಇಳಿದಂಗೆಲ್ಲಾ ಬಿಡ್ತಾ ಬನ್ನಿ. ನಾನು ಜಗ್ಗಿದ್ರೆ ಎಳ್ಕೊಂಬಿಡಿ. ಅಷ್ಟೇ, ಬ್ಯಾರೇನೂ ಇಲ್ಲ."

"ಜಗ್ಗಿದ್ರೆ ಎಳ್ಕೊಳ್ಳೋದು," ಎಂದು ಸೆಲ್ವರಾಜ್ ಪಾಠ ಒಪ್ಪಿಸಿದ. ಏರಿಯ ಕಡೆ ತಿರುಗಿ, "ಮೀನಾ, ನೀನಾದ್ರೂ ಹೇಳಮ್ಮಾ," ಎಂದ.

ಮೀನಾ ಹೇಳಬಹುದಿತ್ತು. ಅವಳು ಹೇಳಿದ್ದರೆ ಗಂಡ ಕೇಳುತ್ತಲೂ ಇದ್ದ. ಆದರೆ ಅವಳು ಮಾವಿನಕಾಯಿ ಹೋಳಿಗೆ ಉಪ್ಪುಖಾರ ಹಚ್ಚುತ್ತಾ, "ಅಪ್ಪ ಹಗ್ಗ ಹಿಡಿದ್ರೆ ಏನು ಭಯ ಬಿಡು," ಎಂದಳು. ದನಿಯಲ್ಲಿ ಹೆಮ್ಮೆಯಿತ್ತು. "ರೀ, ಗೊತ್ತಾ ನಿಮ್ಗೆ? ದಿನಕ್ಕೆ ನೂರಾರು ಜನನ್ನ ಇಳಿಸಿ ಹತ್ಸಿರೋ ಕೈ ಅದು. ಒಬ್ರಿಗೂ ಒಂದು ಗಾಯ ಇಲ್ಲ."

ಮುನಿರಾಜ ಕಂಬ ಹಿಡಿದು ಇಳಿದ, ಮುಳುಗಿದ. ಸೆಲ್ವರಾಜ್ ಉಸಿರು ಬಿಡಲಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಅಳಿಯನ ತಲೆ ಮೇಲೆ ಬಂತು. "ಸಿಕ್ತು! ಚಪ್ಪಡಿಗೆ ಸುತ್ಕೊಂಡೈತೆ. ಇನ್ನೊಂದು ಮುಳುಗು." ಬಾಯಿ ತುಂಬ ಗಾಳಿ ಎಳೆದುಕೊಂಡು ಮತ್ತೆ ಹೋದ.

ಎರಡನೇ ಸಲಕ್ಕೆ ಭಯ ಸ್ವಲ್ಪ ತಗ್ಗಿತು. ಅದೇ ತಪ್ಪಾಯಿತು. ಹಗ್ಗ ಅಂಗೈಯ ಮೇಲೆ ಜಾರಿ ಇಳಿಯುತ್ತಿದ್ದುದು ಅವನಿಗೆ ಹಳೆಯ ಗೆಳೆಯ ಸಿಕ್ಕಿದಂತಾಯಿತು. ಕಾಣದ ಆಳಕ್ಕೆ ಒಬ್ಬ ಮನುಷ್ಯ ಇಳಿಯುತ್ತಿದ್ದಾನೆ, ಅವನ ಭಾರ ತನ್ನ ಕೈಯಲ್ಲಿದೆ. ಇಂಜಿನ್ ಮನೆಯಲ್ಲೂ ಹೀಗೇ. ಕೇಜ್ ಕಣ್ಣಿಗೆ ಕಾಣುತ್ತಿರಲಿಲ್ಲ, ಕೆಳಗಿನವರ ಮಾತು ಕೇಳುತ್ತಿರಲಿಲ್ಲ. ಬರುತ್ತಿದ್ದದ್ದು ಗಂಟೆಯ ಸದ್ದೊಂದೇ. ಇಳಿಯುತ್ತಿರುವಾಗ ಒಂದು ಬಡಿತ ಬಿದ್ದರೆ ನಿಲ್ಲಿಸು. ಎರಡು ಬಿದ್ದರೆ ಇಳಿಸು. ಇದು ಬಿಟ್ಟು ಬೇರೆ ಯೋಚನೆ ಮಾಡುವ ಡ್ರೈವರ್ ಡ್ರೈವರೇ ಅಲ್ಲ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿದ್ದರು. ಮೀನಾ ಚಿಕ್ಕವಳಿದ್ದಾಗ ಇದನ್ನೇ ಆಟ ಮಾಡಿಕೊಂಡು, ಅಪ್ಪನ ಊಟದ ತಟ್ಟೆಗೆ ಚಮಚದಿಂದ ಬಡಿದು ಅವನನ್ನು ನಿಲ್ಲಿಸುವುದು, ಕೂರಿಸುವುದು ಮಾಡುತ್ತಿದ್ದಳು.

ಹಗ್ಗ ಒಂದು ಸಲ ಜಗ್ಗಿತು.

ಸೆಲ್ವರಾಜ್ ನಿಲ್ಲಿಸಿದ. ಯೋಚಿಸಿ ಮಾಡಿದ್ದಲ್ಲ. ಅಂಗೈ ತಾನಾಗಿ ಮುಚ್ಚಿಕೊಂಡಿತು. ಬಲಗಾಲು ಅಲ್ಲಿಲ್ಲದ ಬ್ರೇಕನ್ನು ನೆಲಕ್ಕೆ ಒತ್ತಿತು. ಅವನು ನೀರಿನ ಕಡೆ ಕಣ್ಣು ನೆಟ್ಟು, ಮುಂದಿನ ಬಡಿತಕ್ಕೆ ಕಾಯುತ್ತಾ, ಅಲುಗದೆ ನಿಂತ. ಅಷ್ಟು ಹೊತ್ತು ಅವನ ಮನಸ್ಸಿನಲ್ಲಿ ಭಯವೇ ಇರಲಿಲ್ಲ. ಆಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಅದೇ.

ಹಗ್ಗ ಮತ್ತೆ ಜಗ್ಗಿತು. ಎರಡು ಸಲ, ಬೇಗ ಬೇಗ.

ಅವನು ಇಳಿಸಿದ. ಒಂದು ಮಾರು. ಎಳೆತವಿಲ್ಲದೆ, ಅದುರಾಟವಿಲ್ಲದೆ, ಗಣಿಯ ಸಾಹೇಬರು ಮೆಚ್ಚುತ್ತಿದ್ದ ಅದೇ ಹದದಲ್ಲಿ, ಇನ್ನೂ ಒಂದು ಮಾರು.

"ಅಪ್ಪಾ! ಏನ್ ಮಾಡ್ತಿದೀಯಾ ಅಪ್ಪಾ!"

ಮೀನಾ ಏರಿಯಿಂದ ಜಾರಿಕೊಂಡೇ ಇಳಿದು ಬಂದಳು. ಬಂದವಳೇ ಅವನನ್ನು ಮೊಣಕೈಯಿಂದ ಒತ್ತರಿಸಿ ಹಗ್ಗ ಕಿತ್ತುಕೊಂಡಳು. ಹಿಮ್ಮಡಿ ಮಣ್ಣಿಗೆ ಊರಿ, ಹಿಂದಕ್ಕೆ ಬಾಗಿ, ಹಲ್ಲು ಕಚ್ಚಿ ಎಳೆದಳು. ಹಗ್ಗ ಬಿಗಿಯಾಯಿತು, ಬರಲಿಲ್ಲ. ನೀರಿನ ಮೇಲೆ ಗುಳ್ಳೆಗಳು ಎದ್ದವು. ಅವು ಎದ್ದು ಒಡೆಯುವುದನ್ನು ಸೆಲ್ವರಾಜ್ ಕೈ ಇಳಿಬಿಟ್ಟುಕೊಂಡು ನೋಡಿದ. ತಾನು ಏನು ಮಾಡಿದೆ ಎಂಬುದು ಆಗ ತಲೆಗೆ ಹೋಯಿತು. ಹಗ್ಗ ಹಿಡಿಯಬೇಕೆಂದು ಮುಂದೆ ಬಂದರೆ ಬೆರಳು ಮಡಚಲಿಲ್ಲ.

ಹಗ್ಗ ಥಟ್ಟನೆ ಸಡಿಲವಾಗಿ, ಮೀನಾ ಕುಕ್ಕರಿಸಿ ಬಿದ್ದಳು. ಬಿದ್ದಲ್ಲಿಂದಲೇ ಎಳೆದಳು. ಕಂಬದ ಪಕ್ಕದಲ್ಲಿ ಮುನಿರಾಜನ ತಲೆ ಕಂಡಿತು, ಬಾಯಿ ಅಗಲವಾಗಿ ತೆರೆದಿತ್ತು. ಸೆಲ್ವರಾಜ್ ಸೊಂಟದ ಮಟ್ಟದ ನೀರಿಗೆ ಇಳಿದು, ಅಳಿಯನ ಕಂಕುಳಿಗೆ ಕೈ ಕೊಟ್ಟು ದಡಕ್ಕೆ ತಂದ. ತಾನು ನೀರಿಗೆ ಇಳಿದಿದ್ದೇನೆಂಬುದು ಅವನಿಗೆ ಗೊತ್ತಾಗಲೇ ಇಲ್ಲ.

ಮುನಿರಾಜ ಮಗ್ಗುಲಾಗಿ ಮಲಗಿ ನೀರು ಕಾರಿದ, ಕೆಮ್ಮಿದ, ಮತ್ತೆ ಕಾರಿದ. ಪಾದದ ಮೇಲೆ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಉಸಿರು ತಿರುಗಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಬಲಗೈ ಎತ್ತಿ ನೋಡಿಕೊಂಡದ್ದು. ಮಣಿಕಟ್ಟಿಗೆ ಗಾಳದ ದಾರ ಮೂರು ಸುತ್ತು ಸುತ್ತಿಕೊಂಡಿತ್ತು. ದಾರದ ತುದಿಯಲ್ಲಿ ಕೊರಮೀನು ಕೆಸರಿಗೆ ಬಡಿದುಕೊಳ್ಳುತ್ತಿತ್ತು.

"ಬಂತು ಮಾವ," ಎಂದ. "ನಿಮ್ಮ ಮೀನು ಬಂತು."

ಮುನಿರಾಜ ಮೀನನ್ನು ಬೈಕಿಗೆ ನೇತುಹಾಕಿಕೊಂಡು, ಒಂದು ಕಾಲು ಎಳೆಯುತ್ತಾ ಹತ್ತಿ, ಮುಂದೆ ಹೋದ. ಅಪ್ಪ ಮಗಳು ಏರಿಯ ಮೇಲೆ ನಡೆದು ಬಂದರು. ಬಿಸಿಲು ಇಳಿದಿತ್ತು. ಮೀನಾ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

"ಮೀನಾ..."

"ಸುಮ್ನೆ ಬಾ ಅಪ್ಪಾ."

ಅಷ್ಟೇ. ಮನೆ ಬರುವವರೆಗೂ ಇನ್ನೊಂದು ಮಾತಿಲ್ಲ. ಅವಳು ಬೈದಿದ್ದರೆ, ನಿನಗೆ ತಲೆ ಕೆಟ್ಟಿದೆಯಾ ಎಂದು ಕೂಗಿದ್ದರೆ, ಅವನು ತಡೆದುಕೊಳ್ಳುತ್ತಿದ್ದ. ಅಪ್ಪ ಮಾಡಿದ್ದೇನೆಂದು ಈ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. ಒಂದು, ಎರಡು ಎಂದು ಲೆಕ್ಕ ತಿಳಿದವಳು ಅವಳೊಬ್ಬಳೇ. ಆ ಮನೆಯಲ್ಲಿ ಈ ಮಾತು ಬಾಯಿ ಬಿಟ್ಟರೆ ಏನಾಗಬಹುದೆಂದು ಯೋಚಿಸುತ್ತಾ ಸೆಲ್ವರಾಜ್ ಅವಳ ಹಿಂದೆ ನಡೆದ. ಎಂಟು ತಿಂಗಳು ಹೊಸ್ತಿಲಾಚೆ ನಿಂತಿದ್ದ ಹುಡುಗಿ. ನಿನ್ನ ಅಪ್ಪ ನನ್ನ ಮಗನನ್ನು ಮುಳುಗಿಸಲು ಬಂದಿದ್ದನಾ ಎಂದು ಕನಕಮ್ಮ ಕೇಳಿದರೆ, ಮಗಳು ಇನ್ನೆಲ್ಲಿ ನಿಲ್ಲಬೇಕು?

ಮನೆಯಲ್ಲಿ ಆಗಲೇ ಹಬ್ಬ. ಅಂಗಳದ ಕಲ್ಲಿನ ಮೇಲೆ ಕನಕಮ್ಮ ಬೂದಿ ಹಾಕಿ ಮೀನು ಉಜ್ಜುತ್ತಿದ್ದಳು. ಮುನಿರಾಜನ ತಂದೆ ಕೋದಂಡಪ್ಪ ಜಗುಲಿಯಲ್ಲಿ ಕೂತು ಮಗನ ಕಥೆ ಕೇಳುತ್ತಿದ್ದ. ಬೀಗರನ್ನು ಕಂಡವನೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಬೀಗ್ರೇ, ನಮ್ಮನೆ ದೀಪ ಉಳಿಸುದ್ರಿ!"

ಸೆಲ್ವರಾಜನಿಗೆ ಅರ್ಥವಾಗಲಿಲ್ಲ.

"ಮಾವ ಏನ್ ಮಾಡುದ್ರು ಗೊತ್ತಾ ಅಪ್ಪಾ?" ಮುನಿರಾಜ ಕಾಲಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದ. "ಪಾದ ಚಪ್ಪಡಿ ಸಂದೀಗೆ ಸಿಕ್ಕಾಕೊಂಡಿತ್ತು. ನಾನು ಗಾಬರೀಗೆ ಜಗ್ಗುದೆ. ಬ್ಯಾರೆ ಯಾರಾದ್ರೂ ಆಗಿದ್ರೆ ದರದರ ಎಳ್ದು ಕಾಲು ಮುರಿದಾಕ್ತಿದ್ರು. ಮಾವ ಎಳೀಲಿಲ್ಲ. ಸಡ್ಲ ಬಿಟ್ರು! ಸಡ್ಲ ಬಿಟ್ಟಿದ್ದಕ್ಕೇ ಬಗ್ಗಿ ಕೈಯಾಕಿ ಕಾಲು ಬಿಡಿಸ್ಕೊಂಡೆ. ಆಮ್ಯಾಕೆ ಎಳ್ಕೊಂಡ್ರು."

"ಕೈ ಪಳಗಿರ್ಬೇಕು ಕಣ್ಲಾ ಅದುಕ್ಕೆ," ಎಂದ ಕೋದಂಡಪ್ಪ. "ಗಣಿಯಾಗೆ ದುಡ್ದೋರು. ತಮಾಸೆನಾ?"

ಕನಕಮ್ಮ ಬೂದಿ ಕೈಯಲ್ಲೇ ಎದ್ದು ನಿಂತಳು. ನಾಲ್ಕು ದಿನದಲ್ಲಿ ಬೀಗರ ಮುಖವನ್ನು ನೇರವಾಗಿ ನೋಡಿದ್ದು ಅವಳು ಆಗಲೇ. "ತಲೆ ನಿಮ್ಗೆ ಇಡ್ತೀನಿ ಇವತ್ತು," ಎಂದಳು. "ತಲೆ ತುಂಡು ನಿಮ್ದೇ."

ಬಾಯಿಗೆ ಬಿಸಿ ತುಪ್ಪ ಬಿದ್ದ ಹಾಗಾಯಿತು ಸೆಲ್ವರಾಜನಿಗೆ. ನುಂಗುವಂತಿಲ್ಲ, ಉಗುಳುವಂತಿಲ್ಲ. ಮೀನಾ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ದೇವರೇ ಒಂದು ದಾರಿ ತೋರಿಸಿದ್ದಾನೆ, ಸುಮ್ಮನಿದ್ದುಬಿಡು ಎಂದು ಅವನು ತನಗೇ ಹೇಳಿಕೊಂಡ. ಅಳಿಯ ಬದುಕಿದ್ದಾನೆ. ಮಗಳ ಬಾಳು ನೆಟ್ಟಗಿದೆ. ಬೀಗಿತ್ತಿ ಮೊದಲ ಸಲ ಬಾಯಿಬಿಟ್ಟು ಮಾತಾಡಿಸಿದ್ದಾಳೆ. ಸುಳ್ಳು ತಾನು ಹೇಳಿದ್ದೂ ಅಲ್ಲ. ಹೀಗೆ ಸಮಾಧಾನ ಮಾಡಿಕೊಂಡು ಅವನು ಜಗುಲಿಯಲ್ಲಿ ಕೂತ.

ಸಮಾಧಾನ ಕಾಲು ಗಂಟೆಯೂ ನಿಲ್ಲಲಿಲ್ಲ. ಕೋದಂಡಪ್ಪ ಫೋನು ತೆಗೆದು ಜೋರಾಗಿ ಮಾತಾಡತೊಡಗಿದ. ಆ ಕಡೆ ಇದ್ದವನು ದೊಡ್ಡವೆಂಕಟಪ್ಪ, ಊರಿನಲ್ಲಿ ಕೆರೆಯ ಉಸ್ತುವಾರಿ ನೋಡುವವನು.

"ನೋಡು ದೊಡ್ಡವೆಂಕಟಪ್ಪ, ಮಳೆ ಬೀಳೋಕೆ ಮುಂಚೆ ಆ ತೂಬಿನ ಕಲ್ಲು ತೆಗ್ಸಬೇಕು. ಇವತ್ತು ನಮ್ಮ ಹುಡುಗ ಹೋಗ್ಬಿಡ್ತಿದ್ದ. ನಾಳೆ ಬೆಳಿಗ್ಗೇನೇ ಮಾಡಾಣ. ವೇಣು ಇಳೀತಾನೆ. ಕಲ್ಲಿಗೆ ಸರಪಣಿ ಕಟ್ಟಿ ಬತ್ತಾನೆ... ಹಗ್ಗನಾ? ಹಗ್ಗಕ್ಕೆ ನಮ್ಮ ಬೀಗ್ರವ್ರೆ. ಅವ್ರು ಇರೋವಾಗ ಭಯ ಏನು?"

ಸೆಲ್ವರಾಜ್ ಕೂತಲ್ಲೇ ಮುಂದಕ್ಕೆ ಸರಿದ. "ನಾಳೆ... ನಾಳೆ ನಾನು ಊರಿಗೆ ಹೊರಡ್ಬೇಕಿತ್ತು ಸ್ವಾಮಿ. ಮೊದಲ್ನೇ ಬಸ್ಸಿಗೆ."

"ಅದೆಂಗಾಯ್ತದೆ? ವಾರ ಇರ್ತೀವಿ ಅಂತ ಬಂದಿದ್ದೀರಿ."

"ಕೋಳಿಗೆ ನೀರು..."

"ಸರಿ, ಓಗಿ ಬನ್ನಿ. ನೀವು ಯಾವತ್ತು ಬತ್ತೀರೋ ಆವತ್ತೇ ಇಳಿಸಾಣ. ಕಲ್ಲೇನು ಕಾಲು ಬಂದು ಓಡೋಗ್ತವಾ?"

ಎದುರು ಮನೆಯ ವೇಣು ಸುದ್ದಿ ಕೇಳಿ ಆಗಲೇ ಬಂದು ನಿಂತಿದ್ದ. ಇಪ್ಪತ್ತೈದು ವರ್ಷದವನು. ತೋಳಿನಲ್ಲಿ ಇನ್ನೂ ಹೆಸರಿಡದ ಮಗು. "ನೀವು ಹಗ್ಗ ಹಿಡಿದ್ರೆ ನಾನು ಕಣ್ಮುಚ್ಕೊಂಡು ಇಳೀತೀನಿ ದೊಡ್ಡಪ್ಪ," ಎಂದು ನಕ್ಕ. ಸೆಲ್ವರಾಜ್ ಆ ಮಗುವನ್ನು ನೋಡಲಾರದೆ ಕಣ್ಣು ಕೆಳಗೆ ಹಾಕಿದ. ಮೊಣಕಾಲಿನ ಮೇಲಿದ್ದ ತನ್ನ ಕೈ ಕಂಡಿತು. ಈ ಕೈಗೆ ಇನ್ನೊಂದು ಸಲ ಹಗ್ಗ ಕೊಟ್ಟರೆ ಏನು ಮಾಡುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಜಗ್ಗಿದರೆ ಎಳೆಯಬೇಕೆಂದು ಬಾಯಿಪಾಠ ಮಾಡಿಕೊಂಡೇ ತಾನೇ ಅದು ಇಳಿಸಿದ್ದು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹನ್ನೊಂದು ವರ್ಷದ ಕೆಲಸವೂ ಹಾಗೇ ಇರಬೇಕು.

ಎಂಟು ಗಂಟೆಗೆ ಊಟಕ್ಕೆ ಕೂತರು. ನಡುಮನೆಯಲ್ಲಿ ಕೋದಂಡಪ್ಪ, ಮುನಿರಾಜ, ಸೆಲ್ವರಾಜ್. ಬಿಸಿ ಮುದ್ದೆ, ಮಾವಿನಕಾಯಿ ಹಾಕಿದ ಮೀನಿನ ಸಾರು. ಕನಕಮ್ಮ ಹೇಳಿದಂತೆ ತಲೆ ತುಂಡನ್ನು ಬೀಗರ ತಟ್ಟೆಗೇ ಬಡಿಸಿದಳು. ಮೀನಾ ಅಡುಗೆಮನೆ ಬಾಗಿಲಿಗೆ ಒರಗಿ ಕೂತಿದ್ದಳು. ಬಡಿಸಲೂ ಏಳಲಿಲ್ಲ, ತಟ್ಟೆಯನ್ನೂ ಹಾಕಿಕೊಂಡಿರಲಿಲ್ಲ. ಹಸಿವಿಲ್ಲ ಎಂದಿದ್ದಳಂತೆ.

"ತಿನ್ನಿ ಬೀಗ್ರೇ, ನೀವು ಹಿಡ್ದ ಮೊದ್ಲನೇ ಮೀನು," ಎಂದ ಕೋದಂಡಪ್ಪ. "ನೀವು ಬಾಯಿಗಿಟ್ಟ ಮ್ಯಾಲೇ ನಾವು."

ಸೆಲ್ವರಾಜ್ ತುತ್ತು ಮುರಿದ. ಸಾರಿನಲ್ಲಿ ಅದ್ದಿದ. ಬಾಯಿಯವರೆಗೆ ತಂದು ಮತ್ತೆ ತಟ್ಟೆಗಿಟ್ಟ.

"ನಾನು ಎಳೀಲಿಲ್ಲ," ಎಂದ.

"ಅದೇ ಅಲ್ವಾ ನಾವೂ ಹೇಳ್ತಿರೋದು."

"ಅದಲ್ಲ ಸ್ವಾಮಿ. ಬುದ್ಧಿಯಿಂದ ಸಡ್ಲ ಬಿಟ್ಟಿದ್ದಲ್ಲ. ಮಾಪ್ಳೆ ಒಂದು ಸಲ ಜಗ್ಗಿದ್ರು, ನಿಲ್ಸಿಬಿಟ್ಟೆ. ಗಣೀಲಿ ಒಂದು ಬಡಿತ ಅಂದ್ರೆ ನಿಲ್ಸು ಅಂತ. ಆಮೇಲೆ ಎರಡು ಸಲ ಜಗ್ಗಿದ್ರು. ಎರಡು ಅಂದ್ರೆ ಇಳ್ಸು ಅಂತ. ನಾನು ಇಳಿಸ್ದೆ. ಮೇಲಕ್ಕೆ ಬರ್ಬೇಕು ಅಂತ ಒದ್ದಾಡ್ತಿರೋ ಮನುಷ್ಯನ್ನ ಕೆಳಕ್ಕೆ ಇಳಿಸ್ದೆ ನಾನು." ಬಲಗೈಯನ್ನು ತಟ್ಟೆಯಿಂದ ಹಿಂದಕ್ಕೆ ಎಳೆದುಕೊಂಡ. "ನನ್ ಕೈಗೆ ಹಗ್ಗ ಕೊಡ್ಬೇಡಿ. ವೇಣುಗೆ ಮಗು ಐತೆ."

ಕೋದಂಡಪ್ಪ ತಲೆದೂಗಿದ.

"ನೋಡ್ಲಾ ಮುನಿ, ದೊಡ್ಡ ಮನ್ಸ ಅಂದ್ರೆ ಇಂಗಿರ್ಬೇಕು. ಮಾಡಿದ್ದನ್ನ ಮಾಡ್ದೆ ಅನ್ನಲ್ಲ. ಒಗಳಿದ್ರೆ ಸಂಕೋಚ ಅವ್ರಿಗೆ."

"ಸುಮ್ನಿರಿ ಮಾವ," ಎಂದು ಮುನಿರಾಜನೂ ನಕ್ಕ. "ಕೊನೇಗೆ ಎಳ್ದೋರು ಯಾರು ಮತ್ತೆ?"

ಸೆಲ್ವರಾಜ್ ಎಲ್ಲರ ಮುಖ ನೋಡಿದ. ಎಲ್ಲರೂ ಪ್ರೀತಿಯಿಂದಲೇ ನಗುತ್ತಿದ್ದರು. ಸತ್ಯ ಹೇಳಿದರೂ ನಂಬುವವರಿಲ್ಲವಾದರೆ ಮನುಷ್ಯ ಏನು ಮಾಡಬೇಕು? ಅವನು ಬಾಗಿಲ ಕಡೆ ತಿರುಗಿದ. ಮಗಳನ್ನು ಈ ಮಾತಿಗೆ ಎಳೆಯಬಾರದೆಂದೇ ಸಂಜೆಯಿಂದ ಉಸಿರು ಬಿಗಿ ಹಿಡಿದಿದ್ದ.

"ಮೀನಾ, ನೀನು ಹೇಳಮ್ಮಾ."

ಎಲ್ಲರೂ ಅವಳ ಕಡೆ ನೋಡಿದರು. ಮೀನಾ ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಹೌದು ಮಾವ," ಎಂದಳು ಕೋದಂಡಪ್ಪನಿಗೆ. "ಅಪ್ಪ ಇಳಿಸ್ತಾ ಇದ್ರು. ನಾನು ಕಿತ್ಕೊಂಡು ಎಳ್ದೆ."

ಸೆರಗಿನೊಳಗಿದ್ದ ಕೈ ಹೊರಗೆ ತೆಗೆದು ಬಿಚ್ಚಿದಳು. ಎರಡೂ ಅಂಗೈಯ ಚರ್ಮ ಹಗ್ಗಕ್ಕೆ ಸುಲಿದು, ಒಳಗಿನ ಕೆಂಪು ಕಾಣುತ್ತಿತ್ತು.

ಮುನಿರಾಜನ ನಗು ನಿಂತಿತು. "ಯಾಕೆ ಹೇಳ್ಲಿಲ್ಲ ನಂಗೆ?"

"ಏನಂತ ಹೇಳ್ಲಿ? ನಮ್ಮಪ್ಪಾನೇ ನಿಮ್ಮನ್ನ ಕೆಳಕ್ಕೆ ಇಳಿಸಿದ್ರು ಅಂತಾನಾ?"

ಕೋದಂಡಪ್ಪ ಎಡಗೈಯಲ್ಲಿ ಫೋನು ತೆಗೆದುಕೊಂಡು, ಬಟನ್ ಒತ್ತಿ, ಕಿವಿಗಿಟ್ಟುಕೊಂಡ. "ದೊಡ್ಡವೆಂಕಟಪ್ಪ, ನಾಳೆ ಹಗ್ಗಕ್ಕೆ ಚಲಪತಿನ ಕರ್ಕೊಂಬಾ... ಇಲ್ಲ, ಬೀಗ್ರು ಬರಲ್ಲ... ಏನೂ ಇಲ್ಲ ಕಣಯ್ಯಾ, ಅಂಗೇ. ಇಡು." ಫೋನು ಕೆಳಗಿಟ್ಟು ತಟ್ಟೆಯನ್ನೇ ನೋಡುತ್ತಾ ಕೂತ. ಮುನಿರಾಜ ತನ್ನ ಪಾದದ ಮೇಲಿನ ಅರಿಶಿನವನ್ನು ಬೆರಳಿನಿಂದ ಸವರಿಕೊಳ್ಳುತ್ತಿದ್ದ. ಆ ನೀರೊಳಗಿನ ಹೊತ್ತು ಅವನಿಗೆ ಈಗ ಮತ್ತೆ ನೆನಪಿಗೆ ಬಂದಿರಬೇಕು, ಮುಖ ಬಿಳಿಚಿಕೊಂಡಿತ್ತು.

ಕನಕಮ್ಮ ಸೌಟು ಹಿಡಿದು ನಿಂತೇ ಇದ್ದಳು. ಸೆಲ್ವರಾಜ್ ಅವಳ ಕಾಲುಗಳನ್ನು ಮಾತ್ರ ನೋಡುತ್ತಿದ್ದ, ಮುಖ ಎತ್ತುವ ಧೈರ್ಯ ಬರಲಿಲ್ಲ. ಹೊರಡಿ ಎನ್ನುತ್ತಾಳೆ. ನಿಮ್ಮ ಮಗಳನ್ನೂ ಕರೆದುಕೊಂಡು ಹೊರಡಿ ಎನ್ನುತ್ತಾಳೆ. ಆ ಮಾತಿಗೆ ಕುತ್ತಿಗೆ ಕೊಟ್ಟು ಕಾದ. ಸೌಟು ಪಾತ್ರೆಯೊಳಗೆ ಬಿದ್ದ ಸದ್ದಾಯಿತು. ಕಾಲುಗಳು ಅವನನ್ನು ದಾಟಿಕೊಂಡು ಅಡುಗೆಮನೆ ಬಾಗಿಲ ಕಡೆ ಹೋದವು.

"ಹಸಿವಿಲ್ಲ ಅಂದ್ಲು. ಖಾರ ಮುಟ್ಟೋಕಾಗಲ್ಲ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು ಇವ್ಳಿಗೆ?" ಕನಕಮ್ಮ ಒಂದು ತಟ್ಟೆಗೆ ಮುದ್ದೆ ಹಾಕಿ, ಸಾರು ಸುರಿದು, ಸೊಸೆಯ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು. ಮೀನಿನ ತುಂಡಿನಿಂದ ಮುಳ್ಳು ಬಿಡಿಸಿ ಪಕ್ಕಕ್ಕಿಟ್ಟಳು. ಮುದ್ದೆ ಮುರಿದು, ಮೀನು ಸೇರಿಸಿ, ಸಾರಿನಲ್ಲಿ ಹೊರಳಿಸಿ ಮುಂದೆ ಹಿಡಿದಳು.

"ಬಾಯ್ ತೆಗಿ."

"ಅತ್ತೆ, ಬ್ಯಾಡ, ನಾನೇ ಚಮಚದಲ್ಲಿ..."

"ತೆಗಿಯೇ ಅಂದ್ರೆ."

ಮೀನಾ ಎರಡೂ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಬಾಯಿ ತೆರೆದಳು. ಸೆಲ್ವರಾಜ್ ತನ್ನ ತಟ್ಟೆ ಮುಟ್ಟದೆ, ಅವಳು ನುಂಗುವುದನ್ನೇ ನೋಡುತ್ತಿದ್ದ. ಕನಕಮ್ಮ ಎರಡನೇ ತುತ್ತಿಗೆ ಮುದ್ದೆ ಮುರಿದಳು.